ವ್ಯಾನ್ ಮನೆಯವರಿಗೂ ಒಂದು ನಲ್ಲಿ ಬೇಕು

ಸಂಪಾದಕರೇ,

ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಹಳೇ ವ್ಯಾನನ್ನೇ ಮನೆ ಮಾಡಿಕೊಂಡಿದ್ದೇವೆ. ‘ದಿನಾ ಪಿಕ್ನಿಕ್ ಅಲ್ವಾ?’ ಎನ್ನುವವರೇ ಜಾಸ್ತಿ. ಬೆಳಿಗ್ಗೆ ಎದ್ದರೆ ಮೊದಲು ನೀರಿನ ಚಿಂತೆ. ಟ್ಯಾಂಕ್ 60 ಲೀಟರಿನದು. 20 ಲೀಟರ್ ಕ್ಯಾನನ್ನು ಮೂರು ಸಲ ಹೊತ್ತರೆ ಸೊಂಟ ಹಿಡಿಯುತ್ತದೆ. ಚಿತ್ರದುರ್ಗದ ಗಾಳಿಗೆ ಸೋಲಾರ್ ಫಲಕದ ಮೇಲೆ ದೂಳೋ ದೂಳು. ಒರೆಸದಿದ್ದರೆ ಬ್ಯಾಟರಿ ತುಂಬುವುದಿಲ್ಲ. ಬಟ್ಟೆ ಮಾತ್ರ ಅದೇ ಗಾಳಿಗೆ ಬೇಗ ಒಣಗುತ್ತದೆ, ಸುಳ್ಳು ಹೇಳಬಾರದು.

ನಿಜವಾದ ಕಷ್ಟ ಶೌಚದ ಡಬ್ಬಿಯದು. ಮೂರು ದಿನಕ್ಕೊಮ್ಮೆ ಖಾಲಿ ಮಾಡಲೇಬೇಕು. ಕಳೆದ ವಾರ ಹೆದ್ದಾರಿ ಬದಿಯ ಶೌಚಾಲಯಕ್ಕೆ ಬೀಗ. ತುಂಬಿದ ಡಬ್ಬಿ ಇಟ್ಟುಕೊಂಡೇ ದಾವಣಗೆರೆವರೆಗೂ ಹೋದೆವು. ಅವತ್ತು ಬೆಣ್ಣೆ ದೋಸೆಯೂ ರುಚಿಸಲಿಲ್ಲ! 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿ ನಿಲ್ಲುವ ಕಡೆ ಒಂದು ನಲ್ಲಿ, ಕೊಳೆ ಸುರಿಯಲು ಒಂದು ಮುಚ್ಚಿದ ಗುಂಡಿ ಮಾಡಿಕೊಡಲಿ. ಲಾರಿ ಚಾಲಕರಿಗೂ ಆಗುತ್ತದೆ.

– ನಿವೃತ್ತ ಮೇಷ್ಟ್ರು, ಚಿತ್ರದುರ್ಗ