ಆಫೀಸ್ ಸಾಫ್ಟ್‌ವೇರ್ ಅಪ್‌ಡೇಟ್ ಮುಂದೂಡಬೇಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರಿನಲ್ಲಿ ಅಪ್‌ಡೇಟ್ ಸೂಚನೆ ಬಂದ ಕೂಡಲೇ ‘ಆಮೇಲೆ ನೋಡೋಣ’ ಅಂತ ಮುಚ್ಚಿಬಿಡುವವರೇ ಜಾಸ್ತಿ. ಪತ್ರ ಟೈಪ್ ಮಾಡುವ, ಲೆಕ್ಕ ಹಾಕುವ ಸಾಫ್ಟ್‌ವೇರ್‌ನಿಂದ ಏನಾಗುತ್ತೆ ಅನ್ನುವ ಧೈರ್ಯ. ಆದರೆ ಕಳ್ಳರಿಗೆ ಬೇಕಾಗಿರುವುದೇ ಈ ಧೈರ್ಯ.

ಮೈಕ್ರೋಸಾಫ್ಟ್ ಆಫೀಸ್‌ನಲ್ಲಿ ಗಣಿತದ ಸಮೀಕರಣ ಬರೆಯಲು ಈಕ್ವೇಶನ್ ಎಡಿಟರ್ ಅಂತ ಒಂದು ಸಣ್ಣ ಪ್ರೋಗ್ರಾಂ ಇತ್ತು. 2000ನೇ ಇಸವಿಯಲ್ಲಿ ತಯಾರಾಗಿದ್ದು. ಫೈಲಿನಲ್ಲಿರುವ ಫಾಂಟಿನ ಹೆಸರು ಎಷ್ಟು ಉದ್ದವಿದೆ ಅಂತ ಅಳೆಯದೆ ಅದನ್ನು ಮೆಮೊರಿಗೆ ತುಂಬಿಕೊಳ್ಳುತ್ತಿತ್ತು. ಬೇಕಂತಲೇ ಉದ್ದದ ಹೆಸರು ಇಟ್ಟು ಫೈಲ್ ಕಳಿಸಿದರೆ, ಜಾಗ ಮೀರಿ ಚೆಲ್ಲಿದ ಅಕ್ಷರಗಳೇ ಕಂಪ್ಯೂಟರಿಗೆ ಆಜ್ಞೆಗಳಾಗುತ್ತಿದ್ದವು. ಮ್ಯಾಕ್ರೋ (ಫೈಲಿನೊಳಗೇ ಅಡಗಿಸಿಡುವ ಪುಟ್ಟ ಪ್ರೋಗ್ರಾಂ) ಕೂಡ ಬೇಕಿರಲಿಲ್ಲ. ಫೈಲ್ ತೆರೆದು, ಮೇಲಿನ ಹಳದಿ ಪಟ್ಟಿಯಲ್ಲಿ ‘ಎನೇಬಲ್ ಎಡಿಟಿಂಗ್’ ಒತ್ತಿದರೆ ಮುಗಿಯಿತು. ಹೀಗೆ 17 ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಲೋಪಕ್ಕೆ 2017ರ ನವೆಂಬರಿನಲ್ಲಿ ಪ್ಯಾಚ್, ಅಂದರೆ ಲೋಪ ಸರಿಪಡಿಸುವ ಅಪ್‌ಡೇಟ್, ಬಂತು. ಅಲ್ಲೇ ಮತ್ತೊಂದು ತೂತು ಸಿಕ್ಕಿದ್ದರಿಂದ 2018ರ ಜನವರಿಯಲ್ಲಿ ಆ ಪ್ರೋಗ್ರಾಮನ್ನೇ ಕಿತ್ತುಹಾಕಿದರು. ಅಷ್ಟಾದರೂ ಅದೇ ಹಳೇ ಲೋಪವನ್ನು ಬಳಸುವ ಫೈಲುಗಳು ವರ್ಷಗಟ್ಟಲೆ ಮೇಲ್‌ಗಳಲ್ಲಿ ಬರುತ್ತಲೇ ಇದ್ದವು. ಯಾಕೆಂದರೆ ಪ್ಯಾಚ್ ಹಾಕದ ಕಂಪ್ಯೂಟರುಗಳು ಅಷ್ಟು ಸಿಗುತ್ತಿದ್ದವು!

2022ರಲ್ಲಿ ಸಿಕ್ಕ ‘ಫೋಲಿನಾ’ ಅನ್ನುವ ಲೋಪ ಇನ್ನೂ ಕೆಟ್ಟದ್ದು. ಆರ್‌ಟಿಎಫ್ (ವರ್ಡ್‌ನಲ್ಲಿ ತೆರೆಯುವ ಒಂದು ಬಗೆಯ ಪತ್ರದ ಫೈಲ್) ಆದರೆ ಪ್ರಿವ್ಯೂ ನೋಡಿದರೂ ಸಾಕಿತ್ತು, ತೆರೆಯಲೇಬೇಕು ಅಂತಿರಲಿಲ್ಲ. ಮೇ ಕೊನೆಗೆ ಸುದ್ದಿಯಾಯಿತು, ಪ್ಯಾಚ್ ಬಂದದ್ದು ಜೂನ್ 14ಕ್ಕೆ. ಮೈಕ್ರೋಸಾಫ್ಟ್ ಬದಲು ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಬಳಸುವವರೂ ಸುಮ್ನೆ ಕೂರುವ ಹಾಗಿಲ್ಲ. ಲಿಂಕಿನ ಮೇಲೆ ಮೌಸ್ ಆಡಿಸಿದರೆ ಸಾಕು ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿ) ತಾನೇ ಓಡುವಂಥ ಲೋಪ ಅದರಲ್ಲೂ ಇತ್ತು, ಸರಿಪಡಿಸಿದರು.

ಹೀಗಿರುವಾಗ ‘ಗೊತ್ತಿಲ್ಲದ ಅಟ್ಯಾಚ್‌ಮೆಂಟ್ ತೆರೆಯಬೇಡಿ’ ಅಂತ ಸಿಬ್ಬಂದಿಗೆ ಸುತ್ತೋಲೆ ಕಳಿಸಿ ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ದಿನವಿಡೀ ಬಿಲ್, ಅರ್ಜಿ, ಬಯೋಡೇಟಾ ತೆರೆಯುವುದೇ ಅವರ ಕೆಲಸ ಅಲ್ವಾ? ಪ್ಯಾಚ್ ಹಾಕಿಸುವುದು ಆಡಳಿತದ ಹೊಣೆ. ಅಪ್‌ಡೇಟ್ ಆದರೆ ಹಳೇ ಎಕ್ಸೆಲ್ ಶೀಟು ಕೈಕೊಡುತ್ತೆ ಅನ್ನುವ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಅದಕ್ಕೇ ಮೊದಲು ನಾಲ್ಕಾರು ಕಂಪ್ಯೂಟರಿಗೆ ಹಾಕಿ ನೋಡಿ, ತೊಂದರೆ ಇಲ್ಲದಿದ್ದರೆ ಅದೇ ವಾರ ಉಳಿದವಕ್ಕೂ ಹಾಕಬೇಕು, ತಿಂಗಳುಗಟ್ಟಲೆ ಎಳೆಯಬಾರದು. ಆಫೀಸ್ 2016, 2019 ಇಟ್ಟುಕೊಂಡವರಿಗೆ ಈ ದಾರಿಯೂ ಇಲ್ಲ. ಅವುಗಳ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಬೇರೆ ಆವೃತ್ತಿಗೆ ಹೋಗಲೇಬೇಕು.

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬಿಡುಗಡೆ ಮಾಡುತ್ತದೆ. ಆ ವಾರ ನಿಮ್ಮ ಪತ್ರಿಕೆಯಲ್ಲಿ, ಏನು ಸರಿಯಾಗಿದೆ, ಯಾವುದನ್ನು ತುರ್ತಾಗಿ ಹಾಕಬೇಕು ಅಂತ ಕನ್ನಡದಲ್ಲಿ ನಾಲ್ಕು ಸಾಲು ಹಾಕಿದರೆ ತುಂಬಾ ಜನಕ್ಕೆ ಉಪಯೋಗವಾಗುತ್ತದೆ. ದಯವಿಟ್ಟು ಯೋಚಿಸಿ.

— ಒಬ್ಬ ಓದುಗ