ಮಗಳಿಗೊಂದು ಪತ್ರ: ಗಿಡ ಕಿರುಚುತ್ತದಾ?

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಿಡಿಯೋ ನೋಡಿದೆ. ‘ಗಿಡಗಳು ಕಿರುಚುತ್ತವೆ’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ. ಅದನ್ನು ನೋಡಿದ ಮೇಲೆ ಹಾಸ್ಟೆಲಿನಲ್ಲಿ ಸೊಪ್ಪಿನ ಪಲ್ಯ ಗಂಟಲಲ್ಲಿ ಇಳಿಯುತ್ತಿಲ್ಲ ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ನಮ್ಮೂರಿನ ನೆಟ್‌ವರ್ಕ್ ಬಿಡುವುದಿಲ್ಲ.

ಸುದ್ದಿ ಪೂರ್ತಿ ಸುಳ್ಳಲ್ಲ. ಇಸ್ರೇಲಿನ ಟೆಲ್ ಅವಿವ್ ವಿಶ್ವವಿದ್ಯಾಲಯದವರು ಟೊಮೆಟೊ, ತಂಬಾಕು ಗಿಡಗಳ ಪಕ್ಕ ಮೈಕ್ ಇಟ್ಟು ಕೇಳಿ, 2023ರಲ್ಲಿ ಅದನ್ನು ಪ್ರಕಟಿಸಿದರು. ನೀರಿಲ್ಲದ ಟೊಮೆಟೊ ಗಿಡ ಗಂಟೆಗೆ ಸರಾಸರಿ 35 ಸಲ ಟಕ್ ಎನ್ನುತ್ತಿತ್ತು. ನಮ್ಮ ಕಿವಿಗೆ ಕೇಳಿಸದ ಸದ್ದು ಅದು. ಚೆನ್ನಾಗಿದ್ದ ಗಿಡದಲ್ಲಿ ಗಂಟೆಗೆ ಒಂದೂ ಅಪರೂಪ. ಕಾಂಡದೊಳಗೆ ನೀರು ಏರುವ ಕೊಳವೆಗಳಲ್ಲಿ ಗಾಳಿಗುಳ್ಳೆ ಒಡೆದು ಹೀಗಾಗುತ್ತಿರಬೇಕು ಅಂತ ಅವರ ಅಂದಾಜು. ಬಾವಿ ತಳ ಕಂಡಾಗ ನಮ್ಮ ಪಂಪು ಗಾಳಿ ಎಳೆದು ಗೊರಗೊರ ಅನ್ನುತ್ತದೆ. ಪಂಪು ಅಳುತ್ತಿದೆ ಅಂತ ಯಾರಾದರೂ ಅಂತಾರಾ?

ಹಾಗಂತ ಗಿಡಕ್ಕೆ ಏನೂ ತಿಳಿಯುವುದಿಲ್ಲ ಅನ್ನಬೇಡ. ಹುಳ ಎಲೆ ಕಡಿದರೆ ಆ ಸುದ್ದಿ ದೂರದ ಎಲೆಗೂ ಒಂದೆರಡು ನಿಮಿಷದಲ್ಲಿ ಮುಟ್ಟುತ್ತದೆ. 2018ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವಿಜ್ಞಾನಿಗಳು ಇದನ್ನು ಕಣ್ಣಿಗೇ ಕಾಣಿಸಿದರು: ಆ ಸುದ್ದಿ ಹರಿದಲ್ಲೆಲ್ಲ ಕ್ಯಾಲ್ಸಿಯಂ ಏರುತ್ತದೆ; ಅದು ಏರಿದ ಕಡೆ ಹೊಳೆಯುವಂಥ ಗಿಡ ಬೆಳೆಸಿ, ಆ ಹೊಳಪು ಎಲೆಯಿಂದ ಎಲೆಗೆ ಹರಿಯುವುದನ್ನು ಚಿತ್ರ ತೆಗೆದರು. ಈ ಸುದ್ದಿಯನ್ನು ಹೊರಡಿಸುವುದು ಗ್ಲುಟಮೇಟ್ ಅನ್ನುವ ರಾಸಾಯನಿಕ. ನಮ್ಮ ನರಗಳೂ ಅದನ್ನೇ ಬಳಸುತ್ತವೆ, ನೋಡು! ಜೋಳದ ಗಿಡ ಇನ್ನೂ ಜಾಣ. ಎಲೆ ತಿನ್ನುವ ಹುಳದ ಜೊಲ್ಲು ತಾಗಿದರೆ ಒಂದು ವಾಸನೆ ಬಿಡುತ್ತದೆ. ಆ ವಾಸನೆ ಹಿಡಿದು ಒಂದು ಜಾತಿಯ ಕಣಜ ಬಂದು ಹುಳದ ಮೈಯೊಳಗೆ ಮೊಟ್ಟೆಯಿಡುತ್ತದೆ. ಬದುವಿನ ಹುಲ್ಲು ಸವರುವಾಗ ಹಸಿ ವಾಸನೆ ಬರುತ್ತದಲ್ಲ, ಅದೂ ಗಾಯಗೊಂಡ ಎಲೆ ಬಿಡುವ ವಾಸನೆಯೇ.

ಇದನ್ನು ಮಾತು ಅನ್ನಬಹುದಾ? ಸಂಕೇತ ಅನ್ನೋಣ, ಸಾಕು. ಮರಗಳು ಒಂದಕ್ಕೊಂದು ಕಷ್ಟಸುಖ ಹೇಳಿಕೊಳ್ಳುತ್ತವೆ ಅನ್ನುವವರನ್ನು ಆಷಾಢದಲ್ಲಿ ನಮ್ಮ ತೋಟಕ್ಕೆ ಕರೆತರಬೇಕು. ಒಂದು ಮರದ ಅಡಿಕೆ ಕೊನೆಗೆ ಕೊಳೆರೋಗ ಹತ್ತಿದರೆ ಪಕ್ಕದ ಮರಕ್ಕೆ ಸುದ್ದಿಗಿಂತ ಮೊದಲು ಕೊಳೆಯೇ ತಲುಪಿರುತ್ತದೆ. ಔಷಧಿ ಹೊಡೆಯುವವರಿಗೆ ಫೋನು ಮಾಡಬೇಕಾದವನು ನಾನೇ.

ಇನ್ನು ಅರಿವಿನ ಮಾತು. ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬೇಡ, ಮಲಗಿರುತ್ತದೆ ಅಂತ ಅಜ್ಜಿ ಹೇಳುತ್ತಿದ್ದರಲ್ಲ. ನಾಚಿಕೆ ಮುಳ್ಳು, ಹುಣಸೆ ರಾತ್ರಿ ಎಲೆ ಮಡಚುವುದು ನಿಜ. ಮುಟ್ಟಿದಾಗ ನಾಚಿಕೆ ಮುಳ್ಳಿನೊಳಗೆ ವಿದ್ಯುತ್ ಸಂಕೇತ ಹರಿಯುವುದನ್ನು ಕಲ್ಕತ್ತೆಯ ಜಗದೀಶಚಂದ್ರ ಬೋಸರು ನೂರು ವರ್ಷಕ್ಕೂ ಹಿಂದೆಯೇ ಅಳೆದಿದ್ದರು. ಅದಕ್ಕೆ ನೆನಪೂ ಇದೆ ಅಂತ 2014ರಲ್ಲಿ ಮೋನಿಕಾ ಗಾಗ್ಲಿಯಾನೊ ಅನ್ನುವ ವಿಜ್ಞಾನಿಯ ತಂಡ ಬರೆಯಿತು. ಕುಂಡವನ್ನು 15 ಸೆಂಟಿಮೀಟರ್ ಎತ್ತರದಿಂದ ಮೆತ್ತಗೆ ಬೀಳಿಸುತ್ತಾ ಹೋದರು. ಮೊದಮೊದಲು ಎಲೆ ಮುದುಡಿತು, ಆಮೇಲೆ ಮುದುಡುವುದನ್ನೇ ಬಿಟ್ಟಿತು. ಸುಸ್ತಾಯಿತೇನೋ ಅಂತ ಅಲುಗಾಡಿಸಿ ನೋಡಿದರೆ, ಮತ್ತೆ ಮುದುಡಿತು! ನಾಲ್ಕು ವಾರದ ಮೇಲೂ ಬೀಳಿಸುವುದಕ್ಕೆ ಹೆದರಲಿಲ್ಲವಂತೆ. ಆದರೆ 2019ರಲ್ಲಿ ಸಸ್ಯವಿಜ್ಞಾನಿ ಲಿಂಕನ್ ಟೈಜ್ ಮತ್ತು ಸಂಗಡಿಗರು, ಗಿಡಗಳಿಗೆ ಪ್ರಜ್ಞೆ ಇಲ್ಲ, ಅದರ ಅಗತ್ಯವೂ ಇಲ್ಲ ಅಂತ ಖಡಾಖಂಡಿತವಾಗಿ ಬರೆದರು. ನನಗೆ ಇವರ ಮಾತೇ ಸರಿ ಅನ್ನಿಸುತ್ತದೆ. ನೋವನ್ನು ನೋವು ಅಂತ ಅನುಭವಿಸಲು ಮಿದುಳಿನಂಥದ್ದು ಏನಾದರೂ ಬೇಕಲ್ವಾ? ಗಿಡದಲ್ಲಿ ಅಂಥದ್ದಿಲ್ಲ. ನೀನು ಸುಮ್ನೆ ಪಲ್ಯ ತಿನ್ನು. ಬರೀ ಅನ್ನ ಸಾರಿನಲ್ಲಿ ಸೆಮಿಸ್ಟರ್ ಮುಗಿಸಬೇಡ.

ರಜೆಗೆ ಬಂದಾಗ ಆ ಕುಂಡದ ಪ್ರಯೋಗ ನಾವೂ ಮಾಡೋಣ. ನಾಚಿಕೆ ಮುಳ್ಳು ಬದುವಿನ ಮೇಲೆ ಬೇಕಾದಷ್ಟಿದೆ. ಕೀಳುವಾಗ ಕೈಗೆ ಚುಚ್ಚುತ್ತದೆ, ಅದು ನಿನ್ನ ಕೆಲಸ. ಕೆಳಗೆ ಹಾಸಲು ಸ್ಪಂಜು ಮಾತ್ರ ಅಲ್ಲಿಂದಲೇ ತಾ.

ನಿನ್ನ ಅಪ್ಪಯ್ಯ