ಭೂಕಂಪನದ ಸುದ್ದಿ ನಿಜವೇ ಎಂದು ನೋಡಿಕೊಳ್ಳುವ ಬಗ್ಗೆ

ಮಾನ್ಯ ಪೋಷಕರೇ,

ನೆಲದೊಳಗಿಂದ ಧಡ್ ಎಂದು ಸದ್ದಾಗಿ ಪಾತ್ರೆ, ತಗಡು ಅದುರಿದ ಐದೇ ನಿಮಿಷಕ್ಕೆ "ರಾತ್ರಿ ಇನ್ನೂ ದೊಡ್ಡದು ಬರುತ್ತದಂತೆ" ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತದೆ. ಇಂಥ ದಿನ, ಇಂಥ ಹೊತ್ತಿಗೆ ಭೂಕಂಪವಾಗುತ್ತದೆ ಎಂದು ಹೇಳಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲ. ಅಂಥ ಸಂದೇಶ ಬಂದರೆ ಅಲ್ಲೇ ಅಳಿಸಿ.

ಆಗಿಹೋದ ಕಂಪನದ ವಿವರ ಮಾತ್ರ ಸಿಗುತ್ತದೆ. ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯದಾದರೆ ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ಜಾಲತಾಣ ಅಥವಾ ಅದರ 'ಭೂಕಂಪ್' ಆ್ಯಪ್ ನೋಡಿ. ಜೊತೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪ್ರಕಟಣೆಯನ್ನೂ ನೋಡಿ. ಹಲವರು ಗೂಗಲ್ ಮಾಡಿ ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯ (ಯುಎಸ್‌ಜಿಎಸ್) ನಕ್ಷೆ ತೆರೆದು "ಏನೂ ಆಗಿಲ್ಲವಲ್ಲ" ಎನ್ನುತ್ತಾರೆ. ಅಮೆರಿಕದ ಹೊರಗೆ ಆದ, ಸುಮಾರು 4.5 ತೀವ್ರತೆಗಿಂತ ಚಿಕ್ಕ ಕಂಪನಗಳು ಎಷ್ಟೋ ಸಲ ಆ ಪಟ್ಟಿಗೆ ಸೇರುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ನಮ್ಮ ತಾಲ್ಲೂಕಿನ ಗಡಿಕೇಶ್ವಾರದ ಜನರನ್ನು ಮನೆಯಿಂದ ಹೊರಗೆ ಓಡಿಸಿದ ಕಂಪನಗಳು ಅದಕ್ಕಿಂತ ಚಿಕ್ಕವೇ. ಕೆಲವೇ ಕಿಲೋಮೀಟರ್ ಆಳದಲ್ಲಿ ಆಗುವುದರಿಂದ ಸಣ್ಣವೂ ಸದ್ದು ಮಾಡುತ್ತವೆ.

ವೇಳೆ ನೋಡುವಾಗ ಎಚ್ಚರ. ವಿದೇಶಿ ತಾಣಗಳಲ್ಲಿ 'ಯುಟಿಸಿ' (ಜಾಗತಿಕ ಪ್ರಮಾಣ ಸಮಯ) ಎಂದಿದ್ದರೆ ನಮ್ಮ ವೇಳೆಗೆ ಐದೂವರೆ ಗಂಟೆ ಕೂಡಿಸಬೇಕು, ತಾರೀಖೂ ಬದಲಾಗಬಹುದು. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದದ್ದು 1993ರ ಸೆಪ್ಟೆಂಬರ್ 30ರ ನಸುಕಿನ 3:56ಕ್ಕೆ. ಯುಟಿಸಿ ಲೆಕ್ಕದಲ್ಲಿ ಅದು 29ರ ರಾತ್ರಿ. ಇನ್ನು, ಮೊದಲು ಬರುವ ತೀವ್ರತೆಯ ಅಂಕಿ ಬಹುಮಟ್ಟಿಗೆ ಯಂತ್ರದ ಲೆಕ್ಕ. ತಜ್ಞರು ಪರಿಶೀಲಿಸಿದ ಮೇಲೆ 3.8 ಎಂದಿದ್ದದ್ದು 3.6 ಆದರೆ ಯಾರೋ ಮುಚ್ಚಿಡುತ್ತಿದ್ದಾರೆ ಎಂದಲ್ಲ. ಆಳದ ಜಾಗದಲ್ಲಿ ಸರಿಯಾಗಿ '10 ಕಿ.ಮೀ.' ಎಂದಿದ್ದರೆ ಅದು ಎಷ್ಟೋ ಸಲ ಅಳೆದದ್ದಲ್ಲ, ಲೆಕ್ಕಕ್ಕಾಗಿ ಅಂದಾಜಿಗೆ ಇಟ್ಟುಕೊಂಡದ್ದು.

ಇದೆಲ್ಲ ನೆಲ ನಿಂತ ಮೇಲಿನ ಕೆಲಸ. ಕಿಲ್ಲಾರಿಯಲ್ಲಿ ಹೆಚ್ಚು ಜನರನ್ನು ಕೊಂದದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ, ಭಾರದ ಮಾಳಿಗೆ. ಅಂಥ ಮನೆಯವರು ಮೊದಲು ಮಕ್ಕಳೊಂದಿಗೆ ಬಯಲಿಗೆ ಬನ್ನಿ, ಫೋನ್ ಆಮೇಲೆ.

ಗಂಟೆ ಕಳೆದರೂ ಎಲ್ಲೂ ದಾಖಲಾಗದಿದ್ದರೆ ಅದು ಗಣಿಯ ಸಿಡಿತವೂ ಇರಬಹುದು, ತೀರ ಸಣ್ಣ ಕಂಪನವೂ ಇರಬಹುದು. ಊರಿನ ಹೆಸರು, ನಿಮಿಷದ ಸಮೇತ ವೇಳೆ, ಸದ್ದು ಬಂತೇ, ಗೋಡೆ ಬಿರುಕು ಬಿಟ್ಟಿತೇ ಎಂಬುದನ್ನು ಬರೆದು ಗ್ರಾಮ ಪಂಚಾಯಿತಿಗೆ ಕೊಡಿ. ಶಾಲೆಗೆ ರಜೆಯಿದ್ದರೆ ತರಗತಿ ಶಿಕ್ಷಕರೇ ಗುಂಪಿನಲ್ಲಿ ತಿಳಿಸುತ್ತಾರೆ; ಬೇರೆ ಕಡೆಯಿಂದ ಬಂದ ರಜೆಯ ಸುದ್ದಿ ನಂಬಬೇಡಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು